ಗಿಟಾರ್ ಹಿಂದೆ ಸರಿದದ್ದೇಕೆ? ಆರ್ಕ್ಟಿಕ್ ಮಂಕೀಸ್ ಬಗ್ಗೆ ಓದುಗರ ಮೂರು ಪ್ರಶ್ನೆಗಳು

ಪ್ರಶ್ನೆ: ಇಂಗ್ಲೆಂಡಿನ ಆರ್ಕ್ಟಿಕ್ ಮಂಕೀಸ್ ಬ್ಯಾಂಡಿನ ಹಾಡುಗಳನ್ನು ಕಾಲೇಜಿನ ದಿನಗಳಿಂದ ಕೇಳುತ್ತ ಬಂದಿದ್ದೇನೆ. ಮೊದಲ ಆಲ್ಬಮ್ಮಿನಲ್ಲಿದ್ದ ಬಿರುಸು ಈಗ ಹುಡುಕಿದರೂ ಸಿಗುವುದಿಲ್ಲ. 2022ರ ‘ದ ಕಾರ್’ ಕೇಳಿದರೆ ಯಾವುದೋ ಹಳೆಯ ಸಿನಿಮಾದ ಹಿನ್ನೆಲೆ ಸಂಗೀತ ಕೇಳಿದಂತಾಗುತ್ತದೆ. ಹೆಸರು, ಹಣ ಬಂದ ಮೇಲೆ ಇವರಿಗೆ ಸೋಮಾರಿತನ ಹತ್ತಿತೇ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಸೋಮಾರಿತನದ ಮಾತನ್ನು ಒಪ್ಪಲಾರೆ. ಹಳೆಯ ಧಾಟಿಯಲ್ಲೇ ಇನ್ನೂ ನಾಲ್ಕು ಆಲ್ಬಮ್ ಮಾಡಿ ಕೈತೊಳೆದುಕೊಳ್ಳುವುದು ಈ ಬ್ಯಾಂಡಿಗೆ ಎಲ್ಲಕ್ಕಿಂತ ಸುಲಭದ ದಾರಿಯಾಗಿತ್ತು. 2006ರ ಜನವರಿಯಲ್ಲಿ ಡೊಮಿನೊ ಎಂಬ ಸ್ವತಂತ್ರ ಸಂಸ್ಥೆ ಹೊರತಂದ ಅವರ ಮೊದಲ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ವಾರವೇ 3,60,000ಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಅಲ್ಲಿಯವರೆಗೆ ಆ ದೇಶದಲ್ಲಿ ಯಾವ ಬ್ಯಾಂಡಿನ ಚೊಚ್ಚಲ ಆಲ್ಬಮ್ಮೂ ಅಷ್ಟು ವೇಗವಾಗಿ ಖರ್ಚಾಗಿರಲಿಲ್ಲ. ಕ್ಲಬ್ಬಿನ ಬಾಗಿಲಲ್ಲಿ ನಿಂತವನ ದರ್ಪ, ನಡುರಾತ್ರಿ ಟ್ಯಾಕ್ಸಿಯೊಳಗಿನ ಜಗಳ ಮುಂತಾದ ಶೆಫೀಲ್ಡ್ ನಗರದ ಸಂಗತಿಗಳನ್ನು ಅದೇ ಊರಿನ ಉಚ್ಚಾರಣೆಯಲ್ಲಿ, ಉಸಿರು ಬಿಡದಂತೆ ಹಾಡಿದ ಇಪ್ಪತ್ತರ ಆಸುಪಾಸಿನ ಹುಡುಗರು ಅವರು. ಅದನ್ನೇ ಮೂವತ್ತೈದು ದಾಟಿದ ಮೇಲೂ ಹಾಡುತ್ತಿದ್ದರೆ ಅದು ನಾಟಕವಾಗುತ್ತಿತ್ತೇ ಹೊರತು ಹಾಡಾಗುತ್ತಿರಲಿಲ್ಲ.

2006ರದ್ದನ್ನೂ 2022ರದ್ದನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಬೇರೆಯೇ ಬ್ಯಾಂಡು ಎನಿಸುವುದು ಸಹಜ. ಆದರೆ ಈ ಬದಲಾವಣೆ ಒಂದೇ ಜಿಗಿತದಲ್ಲಿ ಆದದ್ದಲ್ಲ. 2009ರ ‘ಹಂಬಗ್’ ಆಲ್ಬಮ್ಮಿಗಾಗಿ ಅವರು ಕ್ಯಾಲಿಫೋರ್ನಿಯಾದ ಮರುಭೂಮಿಗೆ ಹೋಗಿ, ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಬ್ಯಾಂಡಿನ ಜಾಶ್ ಹೋಮ್ ಜೊತೆ ಕೆಲಸ ಮಾಡಿದಾಗಲೇ ಲಯ ನಿಧಾನವಾಗಿತ್ತು, ನಾದ ಗಾಢವಾಗಿತ್ತು. 2013ರ ‘ಎಎಂ’ನಲ್ಲಿ ಹಿಪ್‌ಹಾಪ್‌ನಿಂದ ಬಂದ ಡ್ರಮ್ಸ್ ಪೆಟ್ಟು, ಅದರ ಮೇಲೆ ನಮ್ಮ ಸಂಗೀತಗಾರರು ಕಳ್ಳಕಂಠ ಎಂದು ಮುಖ ಸಿಂಡರಿಸುವ ಎತ್ತರದ ದನಿಯ ಕೋರಸ್ ಬಂದವು. ಇಂದು ‘ಹಳೆಯ ಆರ್ಕ್ಟಿಕ್ ಮಂಕೀಸ್ ಬೇಕು’ ಎನ್ನುವ ಅನೇಕರ ಮನಸ್ಸಿನಲ್ಲಿರುವುದು ಈ ‘ಎಎಂ’ ಆಲ್ಬಮ್ಮೇ. ಅದೇ ಒಂದು ದೊಡ್ಡ ಬದಲಾವಣೆಯಾಗಿತ್ತು ಎಂಬುದನ್ನು ಅವರು ಮರೆಯುತ್ತಾರೆ.

ನಿಜವಾದ ತಿರುವು ಪಿಯಾನೋದಿಂದ ಬಂತು. ಹಾಡುಗಾರ, ಗೀತರಚನಕಾರ ಅಲೆಕ್ಸ್ ಟರ್ನರ್‌ಗೆ ಮೂವತ್ತು ತುಂಬಿದಾಗ ಬ್ಯಾಂಡಿನ ಮ್ಯಾನೇಜರ್ ಒಂದು ಸ್ಟೈನ್‌ವೇ ಪಿಯಾನೋವನ್ನು ಉಡುಗೊರೆಯಾಗಿ ಕೊಟ್ಟರು. ಲಾಸ್ ಏಂಜಲೀಸ್‌ನ ಮನೆಯಲ್ಲಿ ಅದರ ಮುಂದೆ ಒಬ್ಬರೇ ಕುಳಿತು ಕಟ್ಟಿದ ಹಾಡುಗಳೇ 2018ರ ಮೇ ತಿಂಗಳಲ್ಲಿ ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕ್ಯಾಸಿನೊ’ ಎಂಬ ಆಲ್ಬಮ್ಮಾಗಿ ಬಂದವು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ಜಾಗದಲ್ಲೊಂದು ಹೋಟೆಲು ಇದೆಯೆಂಬ ಕಲ್ಪನೆ ಅದರ ಹೆಸರಿನಲ್ಲಿದೆ. ಅಲ್ಲಿನ ಒಂದು ಹಾಡಿನಲ್ಲಿ ಚಂದ್ರನ ಮೇಲೆ ತೆರೆದಿರುವ ತಿಂಡಿಯಂಗಡಿಗೆ ಗಿರಾಕಿಗಳ ವಿಮರ್ಶೆಯಲ್ಲಿ ಐದಕ್ಕೆ ನಾಲ್ಕು ಸ್ಟಾರ್ ಸಿಕ್ಕಿರುತ್ತದೆ. ಕ್ಲಬ್ಬಿನ ಬಾಗಿಲು ಕಾಯುವವನನ್ನು ಗಮನಿಸಿದ ಕಣ್ಣೇ ಇದನ್ನೂ ಗಮನಿಸಿರುವುದು; ವಾದ್ಯ ಬದಲಾದರೂ ಮಾತಿನ ಕೊಂಕು ಹಾಗೆಯೇ ಇದೆ. ಆದರೂ ಆ ಆಲ್ಬಮ್ಮಿನ ಬಗ್ಗೆ ನನಗೊಂದು ಅಸಮಾಧಾನ ಉಳಿದಿದೆ. ಒಬ್ಬರ ಕೋಣೆಯಲ್ಲಿ ಹುಟ್ಟಿದ ಹಾಡುಗಳಿಗೆ ಉಳಿದ ಮೂವರು ಅತಿಥಿಗಳಾಗಿ ಬಂದು ಹೋದಂತೆ ಅದು ಕೇಳಿಸುತ್ತದೆ.

‘ದ ಕಾರ್’ ಈ ವಿಷಯದಲ್ಲಿ ಅದಕ್ಕಿಂತ ಒಂದು ಕೈ ಮೇಲು. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಹಳೆಯ ಕಟ್ಟಡವೊಂದರಲ್ಲಿ ಬ್ಯಾಂಡಿನವರೆಲ್ಲ ಒಟ್ಟಿಗೆ ಉಳಿದುಕೊಂಡು, ನಿರ್ಮಾಪಕ ಜೇಮ್ಸ್ ಫೋರ್ಡ್ ಜೊತೆ ಇದರ ಕೆಲಸ ಆರಂಭಿಸಿದ್ದರು. ಮೊದಲ ಹಾಡಿನಲ್ಲಿ ದನಿ ಬರುವುದಕ್ಕೆ ಮುಂಚೆ ಪಿಯಾನೋ, ವಯೊಲಿನ್ ಬಳಗ, ಮೆಲುವಾದ ಡ್ರಮ್ಸ್ ಸೇರಿ ಸುಮಾರು ಒಂದು ನಿಮಿಷ ಅಂಗಳ ಸಿದ್ಧಮಾಡುತ್ತವೆ; ನೀವು ಹೇಳಿದ ಸಿನಿಮಾದ ಗುಣ ಅಲ್ಲಿದೆ, ಅದು ಉದ್ದೇಶಪೂರ್ವಕವೇ. ಆದರೆ ‘ಬಾಡಿ ಪೇಂಟ್’ ಹಾಡನ್ನು ಕೊನೆಯವರೆಗೂ ಕೇಳಿ. ಎತ್ತರದ ದನಿ ಮತ್ತು ತಂತಿವಾದ್ಯಗಳೊಂದಿಗೆ ಮೃದುವಾಗಿ ಸಾಗುವ ಆ ಹಾಡಿನ ಕೊನೆಯ ಭಾಗದಲ್ಲಿ ಗಿಟಾರ್ ಒರಟಾಗಿ ನುಗ್ಗುತ್ತದೆ, ಮತ್ತು ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಅದಕ್ಕೆ ಮೊದಲ ಆಲ್ಬಮ್ಮಿನಲ್ಲಿ ಇಲ್ಲದ ತೂಕ ಬರುತ್ತದೆ. ನಿಮ್ಮ ದೂರಿನಲ್ಲಿ ನಾನು ಪೂರ್ತಿ ಒಪ್ಪುವ ಅಂಶ ಒಂದಿದೆ: ಮ್ಯಾಟ್ ಹೆಲ್ಡರ್ಸ್‌ನಂಥ ಡ್ರಮ್ಮರ್‌ಗೆ ಈ ಎರಡು ಆಲ್ಬಮ್‌ಗಳಲ್ಲಿ ಕೈತುಂಬ ಕೆಲಸವಿಲ್ಲ. ಈ ಬ್ಯಾಂಡಿನ ಅರ್ಧ ಬಿರುಸು ಆತನ ಕೈಯದಾಗಿತ್ತು.

ಪ್ರಶ್ನೆ: ನಾನೂ ಗಿಟಾರ್ ನುಡಿಸುತ್ತೇನೆ. ಹಾಡು ಕಟ್ಟುವ ವಾದ್ಯ ಬದಲಾದ ಮಾತ್ರಕ್ಕೆ ಹಾಡಿನ ಸ್ವಭಾವವೇ ಬದಲಾಗುತ್ತದೆಯೇ? ಪಿಯಾನೋದಲ್ಲಿ ಕಟ್ಟಿದ್ದನ್ನು ಗಿಟಾರಿನಲ್ಲಿ ನುಡಿಸಬಹುದಲ್ಲ?
(ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ನುಡಿಸಬಹುದು, ಆದರೆ ಡಿಸ್ಟಾರ್ಷನ್ (ಗಿಟಾರಿನ ದನಿಯನ್ನು ಒಡೆದು ಒರಟಾಗಿಸುವ ಪರಿಣಾಮ) ಹಾಕಿ ನುಡಿಸಿ ನೋಡಿ, ತೊಡಕು ಕೂಡಲೇ ತಿಳಿಯುತ್ತದೆ. ಡಿಸ್ಟಾರ್ಷನ್ ಹಾಕಿದಾಗ ನೀವು ಮೀಟಿದ ಸ್ವರಗಳಷ್ಟೇ ಹೊರಬರುವುದಿಲ್ಲ, ಅವುಗಳ ಕಂಪನಸಂಖ್ಯೆಯ ಮೊತ್ತ ಮತ್ತು ವ್ಯತ್ಯಾಸಗಳಿಂದ ಹುಟ್ಟುವ ಹೆಚ್ಚಿನ ಸ್ವರಗಳೂ ಸೇರಿಕೊಳ್ಳುತ್ತವೆ. ಷಡ್ಜ ಮತ್ತು ಪಂಚಮಗಳ ಅನುಪಾತ 2:3 ಆದ್ದರಿಂದ ಅವೆರಡನ್ನೇ ಮೀಟಿದಾಗ ವ್ಯತ್ಯಾಸದಿಂದ ಹುಟ್ಟುವ ಸ್ವರ ಕೆಳಗಿನ ಸ್ಥಾಯಿಯ ಷಡ್ಜವೇ ಆಗಿ, ನಾದ ದಪ್ಪವಾಗುತ್ತದೆ. ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿಗೆ ಕಾರ್ಡ್ ಎನ್ನುತ್ತಾರೆ; ರಾಕ್ ಗಿಟಾರಿಸ್ಟರು ನೆಚ್ಚಿಕೊಂಡಿರುವ ಪವರ್ ಕಾರ್ಡ್ ಎಂದರೆ ಈ ಎರಡು ಸ್ವರಗಳಷ್ಟೇ. ಅದಕ್ಕೆ ಗಾಂಧಾರ, ನಿಷಾದ, ಮೇಲಿನ ರಿಷಭಗಳನ್ನು ಸೇರಿಸುತ್ತ ಹೋದಂತೆ ಹುಟ್ಟುವ ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡು ಗದ್ದಲವಾಗುತ್ತದೆ. ಟರ್ನರ್ ಪಿಯಾನೋದ ಮುಂದೆ ಕುಳಿತು ಹುಡುಕಿಕೊಂಡದ್ದು ಜಾಝ್‌ಗೆ ಹತ್ತಿರವಾದ, ಸ್ವರಗಳು ತುಂಬಿಕೊಂಡ ಅಂಥ ಕಾರ್ಡ್‌ಗಳನ್ನೇ. ಅವು ಸ್ಪಷ್ಟವಾಗಿ ಕೇಳಬೇಕಾದರೆ ಗಿಟಾರ್ ತನ್ನ ಗರ್ಜನೆ ಬಿಡಬೇಕು, ಲಯವೂ ನಿಧಾನವಾಗಬೇಕು.

ಇನ್ನೊಂದು ಕಾರಣ ಕೈಯದು. ಗಿಟಾರಿನಲ್ಲಿ ಎಡಗೈ ಒಂದು ಕಾರ್ಡಿನ ಆಕಾರ ಹಿಡಿದರೆ ಅದನ್ನೇ ಮೇಲೆ ಕೆಳಗೆ ಸರಿಸುವುದು ಅಭ್ಯಾಸವಾಗಿಬಿಡುತ್ತದೆ. ಪಿಯಾನೋದಲ್ಲಿ ಎಡಗೈ ಬೇಸ್ ಸ್ವರವನ್ನು ಒಂದು ಕಡೆಗೂ ಬಲಗೈ ಕಾರ್ಡನ್ನು ಇನ್ನೊಂದು ಕಡೆಗೂ ಒಯ್ಯಬಹುದು. ನಡುವಿನ ಒಂದೇ ಸ್ವರವನ್ನು ಅರ್ಧ ಸ್ವರದಷ್ಟು ಇಳಿಸಿ ಹಾಡಿನ ಭಾವವನ್ನೇ ತಿರುಗಿಸಬಹುದು. ‘ದ ಕಾರ್’ನಲ್ಲಿ ವಯೊಲಿನ್ ಬಳಗ ಮಾಡುವ ಕೆಲಸದ ಬಹುಪಾಲು ಇಂಥ ಸಣ್ಣ ಇಳಿತಗಳನ್ನು ಎತ್ತಿ ತೋರಿಸುವುದೇ ಆಗಿದೆ. ನಿಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ಇದ್ದರೆ ಮುಂದಿನ ಹಾಡನ್ನು ಅದರಲ್ಲಿ ಕಟ್ಟಿ, ಗಿಟಾರನ್ನು ಕೊನೆಗೆ ಸೇರಿಸಿ ನೋಡಿ. ಚೆನ್ನಾಗಿ ಬರುತ್ತದೆಂದು ಭರವಸೆ ಕೊಡಲಾರೆ, ಬೇರೆಯಾಗಿ ಬರುತ್ತದೆಂದು ಕೊಡಬಲ್ಲೆ.

ಪ್ರಶ್ನೆ: ಹೀಗೆ ಧಾಟಿ ಬದಲಿಸಿದರೆ ಅಭಿಮಾನಿಗಳು ಬಿಟ್ಟುಹೋಗುವುದಿಲ್ಲವೇ? ಹೊಸಬಳಾದ ನಾನು ಎಲ್ಲಿಂದ ಕೇಳಲು ಆರಂಭಿಸಲಿ?
(ಓದುಗರೊಬ್ಬರು, ತುಮಕೂರು)

ಉತ್ತರ: ಕೆಲವರು ಬಿಟ್ಟುಹೋಗಿದ್ದಾರೆ, ಆದರೆ ಬ್ಯಾಂಡು ಮುಳುಗಿಲ್ಲ. ಮೊದಲ ಆರು ಆಲ್ಬಮ್‌ಗಳೂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ್ದವು. ‘ದ ಕಾರ್’ ಎರಡನೆಯ ಸ್ಥಾನದಲ್ಲಿ ನಿಂತಿತು, ಏಕೆಂದರೆ ಅದೇ ದಿನ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಮ್ಮೂ ಬಿಡುಗಡೆಯಾಗಿತ್ತು. 2023ರ ಜೂನ್‌ನಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದ ಮುಖ್ಯ ವೇದಿಕೆಯಲ್ಲಿ ದಿನದ ಕೊನೆಯ ಕಾರ್ಯಕ್ರಮವನ್ನು ಅವರು ಮೂರನೆಯ ಬಾರಿ ನಡೆಸಿಕೊಟ್ಟಾಗ ಮೊದಲ ಆಲ್ಬಮ್ಮಿನ ಹಾಡುಗಳೂ ಅದರಲ್ಲಿದ್ದವು.

ಆರಂಭಕ್ಕೆ ‘ಎಎಂ’ ಸುಲಭ. ಅಲ್ಲಿಂದ ಹಿಂದಕ್ಕೆ ಮೊದಲ ಆಲ್ಬಮ್ಮಿಗೆ ಹೋಗಿ, ಬಳಿಕ ನೇರವಾಗಿ ‘ದ ಕಾರ್’ಗೆ ಬನ್ನಿ. ಚಂದ್ರನ ಮೇಲಿನ ಹೋಟೆಲನ್ನು ಕೊನೆಗಿಟ್ಟುಕೊಳ್ಳಿ, ಮತ್ತು ಅದನ್ನು ಬಸ್ಸಿನ ಗದ್ದಲದಲ್ಲಿ ಕೇಳಬೇಡಿ; ಅದರ ಅರ್ಧ ಸ್ವಾರಸ್ಯ ಗೊಣಗಿದಂತೆ ಹೇಳುವ ಸಾಲುಗಳಲ್ಲಿದೆ.