ಆಕಾಶದಲ್ಲಿ ಫುಗಡಿ ಆಡಿದರೆ ತಪ್ಪೇನು, ಮಾಸ್ತರರೇ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿರುವ ನನ್ನ ಮಗಳು ಎರಡು ವರ್ಷಗಳಿಂದ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಹವ್ಯಾಸ ಹಚ್ಚಿಕೊಂಡಿದ್ದಾಳೆ. ಶಿರಸಿಯ ಮಾರಿಕಾಂಬಾ ಜಾತ್ರೆಗೆಂದು ಬಂದಾಗ ವಿಡಿಯೊಗಳನ್ನು ತೋರಿಸಿದಳು. ಒಂದರಲ್ಲಿ ಐದು ಜನ ನಡು ಆಕಾಶದಲ್ಲಿ ದೊಡ್ಡದೊಂದು ಪ್ಲಾಸ್ಟಿಕ್ ಬಳೆಯೊಳಗೆ ನುಸುಳುತ್ತ ನಗುತ್ತಿದ್ದಾರೆ. ಇನ್ನೊಂದರಲ್ಲಿ ಇವಳು ಒಬ್ಬರ ಬೆನ್ನ ಮೇಲೆ ಕುದುರೆ ಸವಾರಿ ಮಾಡಿದ್ದಾಳೆ. ನೂರನೆಯ ಜಿಗಿತ ಮುಗಿಸಿ ಇಳಿದವಳ ಮುಖಕ್ಕೆ ಗೆಳೆಯರು ಕ್ರೀಮು ಮೆತ್ತಿದ್ದಾರೆ. ಒಂದು ಜಿಗಿತಕ್ಕೆ ಸುಮಾರು ಮೂವತ್ತು ಡಾಲರ್. ಇವಳ ಜೊತೆಗೇ ಕಲಿಯತೊಡಗಿದ ಹುಡುಗನೊಬ್ಬ ಆಗಲೇ ಚಿಕ್ಕ ಪ್ಯಾರಾಚೂಟಿಗೆ ಬದಲಾಯಿಸಿಕೊಂಡು ಸ್ಪರ್ಧೆಗೆ ತಯಾರಾಗುತ್ತಿದ್ದಾನಂತೆ. ಜೀವ ಪಣಕ್ಕಿಟ್ಟು ಮಾಡುವುದನ್ನು ಗುರಿಯಿಟ್ಟು ಮಾಡಬಾರದೇ? ಆಟವೋ ಅಭ್ಯಾಸವೋ, ಯಾವುದಾದರೂ ಒಂದು ಆಗಬೇಡವೇ? ಅವಳಿಗೆ ನಾನು ಏನೆಂದು ಬರೆಯಲಿ?

ಒಬ್ಬ ಓದುಗ, ಕೋಡಿಬಾಗ, ಕಾರವಾರ

ಸಂಪಾದಕರ ಉತ್ತರ

ಮಾನ್ಯ ಮಾಸ್ತರರೇ,

ನಿಮ್ಮ ಪತ್ರದ ದುಂಡಗಿನ ಅಕ್ಷರಗಳನ್ನು ನೋಡಿಯೇ ಅರ್ಧ ಸಂತೋಷವಾಯಿತು. ಇನ್ನರ್ಧ ಸಂತೋಷಕ್ಕೆ ಕಾರಣ ಬೇರೆ. ಈ ತಿಂಗಳು ಬಂದ ಪತ್ರಗಳಲ್ಲಿ ರಸ್ತೆಯ ಹೊಂಡ, ಅಡಿಕೆಯ ಕೊಳೆರೋಗ, ಮಂಗಗಳ ಹಾವಳಿ ಇವೆಲ್ಲ ಇದ್ದವು. ಆದರೆ ನಾನು ಬಹಳ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆ ನಿಮ್ಮದೊಂದರಲ್ಲೇ ಇತ್ತು.

ಮೊದಲು ನಿಮ್ಮ ಪಕ್ಷಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಈ ಕ್ರೀಡೆಯಲ್ಲಿ ತಮಾಷೆಗೆ ಎಡೆಯೇ ಇಲ್ಲದ ಒಂದು ಗೆರೆ ಇದೆ, ಮತ್ತು ಅದನ್ನು ಅಡಿಗಳಲ್ಲೇ ಹೇಳಬಹುದು. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮದಂತೆ ಕಲಿಯುವವರೂ ಮೊದಲ ಹಂತದ ‘ಎ’ ಲೈಸೆನ್ಸ್ ಇರುವವರೂ 3,000 ಅಡಿಗಿಂತ ಕೆಳಗಿಳಿಯುವುದರೊಳಗೆ ಪ್ಯಾರಾಚೂಟ್ ಬಿಚ್ಚಬೇಕು; ನಿಮ್ಮ ಮಗಳಷ್ಟು ಅನುಭವವಾಗಿ ‘ಬಿ’ ಲೈಸೆನ್ಸ್ ಪಡೆದವರಿಗೆ ಆ ಮಿತಿ 2,500 ಅಡಿ. ಗುಂಪಿನಲ್ಲಿ ಜಿಗಿದವರು ಅದಕ್ಕಿಂತ ಸಾಕಷ್ಟು ಮೇಲೆಯೇ ಆಟ ನಿಲ್ಲಿಸಿ, ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ, ಬಾಣದಂತೆ ಚದುರಿ ದೂರ ಸರಿಯಬೇಕು, ಏಕೆಂದರೆ ಒಬ್ಬರ ತಲೆಯ ಮೇಲೆ ಇನ್ನೊಬ್ಬರ ಪ್ಯಾರಾಚೂಟ್ ಬಿಚ್ಚಿಕೊಂಡರೆ ಇಬ್ಬರಿಗೂ ಆಪತ್ತು. ನಗುತ್ತ ನಗುತ್ತ ಎತ್ತರ ಮರೆತವರು ಈ ಕ್ರೀಡೆಯ ಚರಿತ್ರೆಯಲ್ಲಿ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದ್ದರಿಂದ ಅವಳಿಗೆ ಬರೆಯುವಾಗ ಎತ್ತರ ತೋರಿಸುವ ಮಣಿಕಟ್ಟಿನ ಆಲ್ಟಿಮೀಟರಿನ ಮೇಲೆ ಒಂದು ಕಣ್ಣಿರಲಿ ಎಂದು ಅವಶ್ಯ ಬರೆಯಿರಿ. ಅಷ್ಟು ಬರೆದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಎಂಬುದು ನನ್ನ ವಿನಂತಿ.

ನೀವು ಗಣಿತದವರು, ಲೆಕ್ಕದಿಂದಲೇ ಆರಂಭಿಸೋಣ. ಸುಮಾರು 13,000 ಅಡಿ ಎತ್ತರದಲ್ಲಿ ವಿಮಾನ ಬಿಟ್ಟವರು ಗಂಟೆಗೆ 190 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬೀಳುತ್ತಾರೆ. ಪ್ಯಾರಾಚೂಟ್ ಬಿಚ್ಚುವವರೆಗೆ ಅವರ ಕೈಯಲ್ಲಿರುವುದು ಸುಮಾರು ಒಂದು ನಿಮಿಷ. ನೂರು ಜಿಗಿತ ಎಂದರೆ ನೂರು ನಿಮಿಷ. ಎರಡು ವರ್ಷಗಳ ಹಣ, ರಜೆ, ನಿದ್ದೆಗಳನ್ನೆಲ್ಲ ಸುರಿದು ನಿಮ್ಮ ಮಗಳು ಆಕಾಶದಲ್ಲಿ ಬಿದ್ದ ಒಟ್ಟು ಹೊತ್ತು ನಮ್ಮ ಆಟದ ಮೇಳದಲ್ಲಿ ಒಂದು ಪ್ರಸಂಗದ ಒಡ್ಡೋಲಗ ಮುಗಿದು ಕಥೆ ಬಿಸಿಯೇರುವಷ್ಟೂ ಅಲ್ಲ. ‘ಅಷ್ಟು ಕಡಿಮೆ ಹೊತ್ತಿರುವುದರಿಂದಲೇ ಒಂದು ಕ್ಷಣವನ್ನೂ ಹಾಳು ಮಾಡಬಾರದು’ ಎಂದು ನೀವು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಆದರೆ ಗಾಳಿಯ ವ್ಯವಹಾರ ಶಾಲೆಯ ವೇಳಾಪಟ್ಟಿಯಂತಲ್ಲ. ಬಿಗಿಹಿಡಿದ ದೇಹ ಗಾಳಿಯಲ್ಲಿ ನಿಲ್ಲುವುದಿಲ್ಲ. ಅದು ಅದುರುತ್ತದೆ, ಗಿರಗಿರನೆ ಸುತ್ತುತ್ತದೆ. ಹೊಸಬರೊಡನೆ ಬೀಳುತ್ತ ಪಾಠ ಹೇಳುವ ಶಿಕ್ಷಕರು ಮಾತಾಡುವಂತಿಲ್ಲವಾದ್ದರಿಂದ ಕೈಸನ್ನೆಯಲ್ಲೇ ತಿದ್ದುತ್ತಾರೆ. ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ಕೈಯನ್ನು ಅಲುಗಿಸಿದರೆ ‘ಮೈ ಸಡಿಲಬಿಡು’ ಎಂದು ಅರ್ಥ. ಕಲಿಸುವವರೇ ಕಷ್ಟಪಟ್ಟು ಬಿಡಿಸಬೇಕಾದ ಬಿಗಿತವನ್ನು ನೀವು ಕಾರವಾರದಿಂದ ಅಂಚೆಯಲ್ಲಿ ಕಳಿಸಬೇಕೆ?

ಇನ್ನು ಆ ಪ್ಲಾಸ್ಟಿಕ್ ಬಳೆ. ದಯವಿಟ್ಟು ಆ ವಿಡಿಯೊವನ್ನು ಇನ್ನೊಮ್ಮೆ ನೋಡಿ, ಈ ಬಾರಿ ಉತ್ತರ ಪತ್ರಿಕೆ ತಿದ್ದುವವರ ಕಣ್ಣಿನಿಂದ. ಬಳೆ ಹಿಡಿದವರೂ ಬೀಳುತ್ತಿದ್ದಾರೆ, ನುಸುಳುವವಳೂ ಬೀಳುತ್ತಿದ್ದಾಳೆ. ಭಾರವಿದ್ದವರು ಬೇಗ ಬೀಳುತ್ತಾರೆ, ಹಗುರಾದವರು ತಡವಾಗಿ. ಅದನ್ನು ಸರಿದೂಗಿಸಲು ಕೆಲವರು ಗಾಳಿ ತುಂಬುವ ಸಡಿಲ ಅಂಗಿ ತೊಡುತ್ತಾರೆ, ಕೆಲವರು ಸೊಂಟಕ್ಕೆ ಸೀಸದ ತೂಕ ಕಟ್ಟುತ್ತಾರೆ. ಅದರ ಮೇಲೂ ಹೊಟ್ಟೆಯನ್ನು ಮುಂದೆ ಬಾಗಿಸಿ ಬೀಳುವ ವೇಗ ಹೆಚ್ಚಿಸಬೇಕು, ಬೆನ್ನನ್ನು ಗೂನಾಗಿಸಿ ತಗ್ಗಿಸಬೇಕು, ಕಾಲು ಚಾಚಿ ಮುಂದೆ ಹೋಗಬೇಕು, ಎದುರಿನವರ ಮಟ್ಟಕ್ಕೆ ಸರಿಯಾಗಿ ಬಂದು ನಿಲ್ಲಬೇಕು, ದಿಕ್ಕು ತಪ್ಪಬಾರದು. ಒಂದು ಗೇಣು ಮೇಲೆ ಕೆಳಗಾದರೂ ಬಳೆ ತಪ್ಪಿತು. ಸ್ಪರ್ಧೆಗೆ ತಯಾರಾಗುವ ನಾಲ್ವರ ತಂಡಗಳು ಶ್ರದ್ಧೆಯಿಂದ ತಾಲೀಮು ಮಾಡುವುದೂ ಇವನ್ನೇ. ವ್ಯತ್ಯಾಸವೆಂದರೆ ನಿಮ್ಮ ಮಗಳು ಇಳಿದ ಮೇಲೆ ನಕ್ಕಳು, ಅಂಕ ಕೇಳಲಿಲ್ಲ.

ಇದು ಅಮೆರಿಕದವರು ಕಂಡುಹಿಡಿದ ಉಪಾಯವೆಂದು ತಿಳಿಯಬೇಡಿ. ಹಳೆಯ ಯಕ್ಷಗಾನದ ಪೂರ್ವರಂಗದಲ್ಲಿ ಮೊದಲು ರಂಗಕ್ಕೆ ಬರುತ್ತಿದ್ದವನು ಕೋಡಂಗಿ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಆ ವೇಷ. ಜನ ಇನ್ನೂ ಕಂಬಳಿ ಹಾಸುತ್ತ, ಕವಳ ಹಾಕುತ್ತ ಇರುವ ಹೊತ್ತಿನಲ್ಲಿ ಅವನು ಮಂಗಚೇಷ್ಟೆ ಮಾಡುತ್ತ ಕುಣಿಯುತ್ತಿದ್ದ. ಹೆಜ್ಜೆ ತಪ್ಪಿದರೂ ಅದೂ ಒಂದು ಹಾಸ್ಯ. ಹಾಗೆ ಕುಣಿಯುತ್ತಲೇ ಚೆಂಡೆ ಮದ್ದಳೆಗಳಿಗೆ ಕಿವಿ ಹೊಂದಿಸಿಕೊಂಡು, ರಂಗಸ್ಥಳದ ಉದ್ದಗಲಗಳನ್ನು ಅಂಗಾಲಿನಿಂದ ಅಳೆದು, ಸಭಾಕಂಪನ ಕಳೆದುಕೊಂಡು, ಮುಂದೆ ಬಾಲಗೋಪಾಲನಾಗಿ, ಇನ್ನೂ ಮುಂದೆ ದೊಡ್ಡ ವೇಷಗಳಿಗೆ ಏರುತ್ತಿದ್ದ. ನಮ್ಮ ಹಿರಿಯರು ಕಲಿಕೆಯ ಮೊದಲ ಮೆಟ್ಟಿಲಿಗೆ ಕೋಡಂಗಿಯೆಂದು ಹೆಸರಿಟ್ಟರು, ನಾವು ಆ ಹೆಸರನ್ನು ಬೈಗುಳ ಮಾಡಿಕೊಂಡೆವು.

ನೀವು ಮೆಚ್ಚಿಕೊಂಡ ಆ ಚಿಕ್ಕ ಪ್ಯಾರಾಚೂಟಿನ ಹುಡುಗನ ಬಗ್ಗೆ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಗುತ್ತದೆ. ಅದೇ ಮೈಭಾರಕ್ಕೆ ಬಟ್ಟೆ ಚಿಕ್ಕದಾದಷ್ಟೂ ಪ್ಯಾರಾಚೂಟ್ ವೇಗವಾಗಿ ಹಾರುತ್ತದೆ, ತಿರುವಿನಲ್ಲಿ ಕಡಿದಾಗಿ ಧುಮುಕುತ್ತದೆ. ನೆಲದ ಹತ್ತಿರ ಬೇಕೆಂದೇ ಧುಮುಕಿಸಿ, ಆ ವೇಗದಲ್ಲಿ ಹುಲ್ಲು ಸವರುತ್ತ ಸಾಗಿ ಇಳಿಯುವುದೇ ಒಂದು ಸ್ಪರ್ಧೆಯಾಗಿದೆ, ನೋಡಲು ಚೆಂದ. ಆದರೆ ತಿರುವಿಗೆ ಹತ್ತಿಪ್ಪತ್ತು ಅಡಿ ಎತ್ತರ ಕಡಿಮೆಯಾದರೆ ಚೇತರಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಈ ಕ್ರೀಡೆಯಲ್ಲಿ ಸತ್ತವರಲ್ಲಿ ಸಾಕಷ್ಟು ಜನ ಪ್ಯಾರಾಚೂಟ್ ಬಿಚ್ಚದೆ ಸತ್ತವರಲ್ಲ, ಚೆನ್ನಾಗಿ ಬಿಚ್ಚಿಕೊಂಡ ಪ್ಯಾರಾಚೂಟಿನ ಕೆಳಗೇ ನೆಲಕ್ಕೆ ಅಪ್ಪಳಿಸಿದವರು. ಕೆಟ್ಟ ಮುಖ್ಯ ಪ್ಯಾರಾಚೂಟನ್ನು ಸುಲಭವಾಗಿ ಕಳಚಿ ಎಸೆಯುವ ಮೂರು ಉಂಗುರಗಳ ಸಾಧನವನ್ನು 1970ರ ದಶಕದಲ್ಲಿ ರೂಪಿಸಿದ ಬಿಲ್ ಬೂತ್ ಎಂಬವರು, ಸಲಕರಣೆ ಸುರಕ್ಷಿತವಾದಷ್ಟೂ ಜಿಗಿಯುವವರು ಇನ್ನಷ್ಟು ಅಪಾಯವನ್ನು ಮೈಮೇಲೆಳೆದುಕೊಂಡು ಸಾವಿನ ಲೆಕ್ಕವನ್ನು ಇದ್ದಲ್ಲೇ ಇಡುತ್ತಾರೆ ಎಂಬರ್ಥದ ಮಾತು ಹೇಳಿದ್ದಾರೆ. 1991ರಲ್ಲಿ ಜರ್ಮನಿಯಿಂದ ಬಂದ ಸೈಪ್ರೆಸ್ ಎಂಬ ಉಪಕರಣ, ಮನುಷ್ಯ ಸುಮಾರು 750 ಅಡಿಯಲ್ಲಿಯೂ ಕಲ್ಲಿನಂತೆ ಬೀಳುತ್ತಿದ್ದರೆ ಮೀಸಲು ಪ್ಯಾರಾಚೂಟನ್ನು ತಾನೇ ಬಿಚ್ಚಿಸುತ್ತದೆ. ಮೈಮರೆತು ನಕ್ಕವರನ್ನು ಅದು ಉಳಿಸಬಲ್ಲದು, ಮೇಲೆ ಬಿಚ್ಚಿಕೊಂಡ ಪ್ಯಾರಾಚೂಟನ್ನು ತಾವೇ ನೆಲಕ್ಕೆ ಧುಮುಕಿಸಿದ ಮಹತ್ವಾಕಾಂಕ್ಷಿಯನ್ನು ಉಳಿಸಲಾರದು. ಮಗಳು ಇನ್ನೂ ದೊಡ್ಡ ಬಟ್ಟೆಯ ಕೆಳಗೆ ನಿಧಾನವಾಗಿ ಇಳಿಯುತ್ತಿದ್ದಾಳೆಂಬುದು ಹಿಂದುಳಿದ ಲಕ್ಷಣವೆಂದು ನಿಮಗೆ ಅನ್ನಿಸಿದ್ದರೆ, ಮಾಸ್ತರರೇ, ಆ ಒಂದು ಅಂಕವನ್ನು ನೀವು ತಪ್ಪಾಗಿ ಕಳೆದಿದ್ದೀರಿ.

ಸಾಧಕರು ಆಡುವುದಿಲ್ಲವೆಂದು ಯಾರು ಹೇಳಿದರು? ಪುಣೆಯ ಶೀತಲ್ ಮಹಾಜನ್ 2004ರ ಏಪ್ರಿಲಿನಲ್ಲಿ ಉತ್ತರ ಧ್ರುವದ ಹಿಮದ ಮೇಲೆ ಜಿಗಿದು, ಮುಂದೆ ಪದ್ಮಶ್ರೀ ಪಡೆದವರು. ಅದೇ ಶೀತಲ್ 2018ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ನೌವಾರಿ ಸೀರೆ ಉಟ್ಟು 13,000 ಅಡಿಯಿಂದ ಜಿಗಿದರು. ನಿಮ್ಮ ಕೋಡಿಬಾಗದ ಹಿರಿಯ ಹೆಂಗಸರು ಕಚ್ಚೆ ಬಿಗಿದು ಉಡುವ ಅಂಥದೇ ಸೀರೆ! ಆ ಗಾಳಿಗೆ ಒಂದು ಸೆರಗು ಸಡಿಲವಾದರೂ ಪ್ಯಾರಾಚೂಟಿನ ಹಿಡಿಕೆಗೆ ಸುತ್ತಿಕೊಳ್ಳಬಹುದು. ಅದನ್ನು ನಿಭಾಯಿಸಿದ್ದು ಕೌಶಲವೋ ಹುಡುಗಾಟವೋ ನೀವೇ ಹೇಳಿ. 2006ರ ಫೆಬ್ರವರಿಯಲ್ಲಿ ಅದೇ ದೇಶದ ಉಡೋನ್ ಥಾನಿಯಲ್ಲಿ 400 ಜನ ಒಟ್ಟಿಗೆ ಜಿಗಿದು ಆಕಾಶದಲ್ಲಿ ಒಬ್ಬರನ್ನೊಬ್ಬರು ಹಿಡಿದು ಒಂದೇ ರಚನೆಯಾದರು. ಅದು ನಿಂತದ್ದು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅಷ್ಟು ವಿಮಾನ, ಅಷ್ಟು ತಾಲೀಮು, ಅಷ್ಟು ಶಿಸ್ತು ಎಲ್ಲ ಯಾತಕ್ಕೆಂದು ಯೋಚಿಸಿದರೆ ನನಗೆ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಕೈ ಕೈ ಹಿಡಿದು ಸುತ್ತುವ ಫುಗಡಿಯೇ ನೆನಪಾಗುತ್ತದೆ. ಈ ವಿದ್ಯೆ ಹುಟ್ಟಿದ್ದೂ ಜಾತ್ರೆಯಲ್ಲೇ ಎನ್ನಬಹುದು. 1797ರ ಅಕ್ಟೋಬರ್ 22ರಂದು ಪ್ಯಾರಿಸಿನ ಉದ್ಯಾನವೊಂದರಲ್ಲಿ ಗಾರ್ನೆರಿನ್ ಎಂಬಾತ ಬಲೂನಿನಲ್ಲಿ ಮೇಲೇರಿ, ಕೊಡೆಯಂಥ ಬಟ್ಟೆಯ ಕೆಳಗಿನ ಬುಟ್ಟಿಯಲ್ಲಿ ಕುಳಿತು ಇಳಿದದ್ದು ನೆರೆದ ಜನರ ಮನರಂಜನೆಗೆ. ಬುಟ್ಟಿ ತೊಟ್ಟಿಲಿನಂತೆ ಭಯಂಕರವಾಗಿ ತೂಗಿತು. ಬಟ್ಟೆಯ ನೆತ್ತಿಯಲ್ಲಿ ತೂತು ಬಿಟ್ಟರೆ ಗಾಳಿ ಅಲ್ಲಿಂದ ಹೋಗಿ ತೂಗಾಟ ಕಡಿಮೆಯಾಗುತ್ತದೆಂಬ ಅರಿವು ಬಂದದ್ದು ಆಮೇಲೆ.

ನನ್ನದೊಂದು ಕಥೆ ಹೇಳದಿದ್ದರೆ ಈ ಉತ್ತರ ಪೂರ್ಣವಾಗುವುದಿಲ್ಲ. ನಾನು ಈಜು ಕಲಿತದ್ದು ಅಘನಾಶಿನಿಯ ಒಂದು ಗುಂಡಿಯಲ್ಲಿ. ಸೋದರಮಾವ ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ ನನ್ನ ಸೊಂಟಕ್ಕೆ ಕಟ್ಟಿ, ನಾಲ್ಕಾಣೆಯ ಬಿಲ್ಲೆಯನ್ನು ನೀರಿಗೆಸೆದು ‘ಹೆಕ್ಕಿದವರಿಗೆ’ ಎನ್ನುತ್ತಿದ್ದ. ಕೈ ಹೀಗೆ ಹಾಕು, ಉಸಿರು ಹಾಗೆ ಬಿಡು ಎಂದು ಒಂದು ದಿನವೂ ಹೇಳಲಿಲ್ಲ. ಕಾಯಿ ಕಟ್ಟಿದ್ದರೆ ಮುಳುಗಲಾಗುವುದಿಲ್ಲವಲ್ಲ, ಬಿಲ್ಲೆಯ ಆಸೆಗೆ ನಾನೇ ಅದನ್ನು ಬಿಚ್ಚಿ ದಂಡೆಗೆ ಎಸೆದೆ. ಅದೇ ಮಾವನ ಮೊಮ್ಮಗ ಊರ ಹೊರಗಿನ ದೊಡ್ಡ ನಗರವೊಂದರಲ್ಲಿ ತಿಂಗಳಿಗಿಷ್ಟು ಎಂದು ಶುಲ್ಕ ಕಟ್ಟಿ, ಗಡಿಯಾರ ಹಿಡಿದವರ ಎದುರು ಉದ್ದುದ್ದ ಈಜಿ ಮೂರು ಪ್ರಮಾಣಪತ್ರ ಪಡೆದ. ಕಳೆದ ಬೇಸಿಗೆಯಲ್ಲಿ ಅವನನ್ನು ಹೊಳೆಗೆ ಕರೆದರೆ ‘ಅದು ಮುಗಿಯಿತಲ್ಲ’ ಎಂದ. ಈಜು ಮುಗಿಯುವ ವಸ್ತುವೆಂದು ನನಗೆ ಅಂದು ತಿಳಿಯಿತು. ಈಗ ರಜೆಯ ಶಿಬಿರಗಳಲ್ಲಿ ಚೆಸ್, ಚಿತ್ರ, ಯಕ್ಷಗಾನ ಎಲ್ಲಕ್ಕೂ ಹಂತ, ಪರೀಕ್ಷೆ, ಸಮಾರೋಪದಲ್ಲಿ ಫಲಕ. ನಮ್ಮ ಕಚೇರಿಗೆ ಬರುವ ಪದ್ಯಗಳ ಸಂಗಡ ಕೂಡ ಹನ್ನೆರಡು ಸಾಲಿನ ಪದ್ಯಕ್ಕೆ ಇಪ್ಪತ್ನಾಲ್ಕು ಸಾಲಿನ ಪ್ರಶಸ್ತಿಪಟ್ಟಿ ಇರುತ್ತದೆ. ದಿನವಿಡೀ ಗುರಿಗಳ ನಡುವೆ ದುಡಿಯುವ ಹುಡುಗಿ ವಾರಕ್ಕೊಮ್ಮೆ ಒಂದು ನಿಮಿಷ ಗುರಿಯಿಲ್ಲದೆ ಬೀಳಲು ಮೂವತ್ತು ಡಾಲರ್ ಕೊಡುತ್ತಾಳೆಂದರೆ ಅದು ದುಬಾರಿಯೆಂದು ನನಗೇಕೋ ಅನ್ನಿಸುತ್ತಿಲ್ಲ.

ಇನ್ನೊಂದು ಮಾತು. ವಿಡಿಯೊದಲ್ಲಿ ಕಾಣುವುದು ಆ ಒಂದು ನಿಮಿಷ ಮಾತ್ರ. ಪ್ರತಿ ಜಿಗಿತದ ನಂತರ ನೆಲದ ಮೇಲೆ ಮಂಡಿಯೂರಿ, ಅಷ್ಟುದ್ದದ ಜಾರುವ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಹಗ್ಗಗಳನ್ನು ತೊಡಕಾಗದಂತೆ ಸುತ್ತಿ ಚೀಲದೊಳಗೆ ಸೇರಿಸುವುದನ್ನು ಯಾರೂ ಚಿತ್ರಿಸಿ ಅಪ್ಪನಿಗೆ ತೋರಿಸುವುದಿಲ್ಲ. ‘ಬಿ’ ಲೈಸೆನ್ಸಿಗೆ 50 ಜಿಗಿತಗಳ ಜೊತೆ ನೀರಿನ ತಾಲೀಮೂ ಕಡ್ಡಾಯ: ಸಲಕರಣೆ ತೊಟ್ಟು ನೀರಿಗೆ ಬೀಳಬೇಕು, ನೆನೆದ ಪ್ಯಾರಾಚೂಟ್ ತಲೆಯ ಮೇಲೆ ಹರಡಿಕೊಂಡಾಗ ಗಾಬರಿಯಾಗದೆ, ಅದರ ಹೊಲಿಗೆಯ ಒಂದೇ ಸಾಲನ್ನು ಬೆರಳಿನಲ್ಲಿ ಹಿಡಿದು ಅಂಚಿನವರೆಗೆ ಸಾಗಿ ಹೊರಬರಬೇಕು. ಕಾಳಿ ನದಿ ಕಡಲಿಗೆ ಸೇರುವಲ್ಲಿ ಬೆಳೆದವಳಿಗೆ ಅದು ಹೇಗನ್ನಿಸಿತೆಂದು ನೀವು ಕೇಳಿದಿರಾ? ಕೇಳಿದ್ದರೆ ಪತ್ರದಲ್ಲಿ ಬರೆಯುತ್ತಿದ್ದಿರಿ.

ಕ್ರೀಮು ಮೆತ್ತಿದ ಫೋಟೊವನ್ನು ‘ಸಾಕ್ಷ್ಯಕ್ಕಾಗಿ’ ಎಂದು ಬರೆದು ಲಗತ್ತಿಸಿದ್ದೀರಿ. ನೂರನೆಯ ಜಿಗಿತಕ್ಕೆ ಹಾಗೆ ಮಾಡುವುದು ಆ ಬಳಗದ ಹಳೆಯ ಪದ್ಧತಿ. ನಮ್ಮಲ್ಲಿ ಮದುವೆಮನೆಯಲ್ಲಿ ಮದುಮಗನ ಚಪ್ಪಲಿ ಅಡಗಿಸಿದಂತೆ. ಫೋಟೊವನ್ನು ಈ ಸಂಚಿಕೆಯೊಡನೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಮಗಳು ಒಪ್ಪಿದರೆ ಮರಳಿ ಕಳಿಸಿ, ನೀರಿನ ತಾಲೀಮಿನ ಬಗ್ಗೆ ಅವಳಿಂದಲೇ ನಾಲ್ಕು ಪುಟ ಬರೆಸಿ. ಮುಂದಿನ ಸಂಚಿಕೆಯಲ್ಲಿ ಜಾಗವಿಟ್ಟಿರುತ್ತೇನೆ.