ಸೆಟ್‌ಟಾಪ್ ಬಾಕ್ಸಿಗೆ ಹೊದಿಸಿದ ಟವೆಲ್

ಗುರುತು ಸಿಗದಂತೆ ಬಡಾವಣೆ, ವೃತ್ತಿ, ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು 67ರ ನಿವೃತ್ತ ಶಿಕ್ಷಕಿ. ರಾಜಾಜಿನಗರದಲ್ಲಿ ಮಗ, ಸೊಸೆಯ ಜೊತೆ ಇದ್ದಾರೆ. ಸಲಹೆಗೆಂದು ನನ್ನ ಹತ್ತಿರ ಕರೆತಂದ ಮಗ ಕೂರುವ ಮೊದಲೇ ಶುರು ಮಾಡಿದ: "ಟಿವಿಯೊಳಗೆ ಯಾರೋ ಮೈಕ್ ಇಟ್ಟಿದ್ದಾರಂತೆ ಮೇಡಂ. ಸೆಟ್‌ಟಾಪ್ ಬಾಕ್ಸಿಗೆ ಟವೆಲ್ ಹೊದಿಸ್ತಾರೆ. ಮೊನ್ನೆ ಮಿಕ್ಸಿ ತಳ ಬಿಚ್ಚಿಟ್ಟಿದ್ರು." ತಾಯಿ ಸೆರಗಿನ ಅಂಚು ಹಿಡಿದು ನೆಲ ನೋಡುತ್ತಿದ್ದರು. ಅವನನ್ನು ಹೊರಗೆ ಕೂರಿಸಿದೆ.

ಒಬ್ಬರೇ ಆದಮೇಲೆ ಹೇಳಿದರು. ಬಾಕ್ಸ್ ಬದಲಿಸಲು ಬಂದ ಹುಡುಗ ನಡುಮನೆಯಲ್ಲಿ ಬಹಳ ಹೊತ್ತು ಒಬ್ಬನೇ ಇದ್ದ. ಅಂದಿನಿಂದ ಆಫ್ ಮಾಡಿದರೂ ಬಾಕ್ಸ್ ಬೆಚ್ಚಗಿರುತ್ತದೆ, ಕೆಂಪು ದೀಪ ಆರುವುದಿಲ್ಲ. ತಂಗಿಯ ಹತ್ತಿರ ಮಂಡಿನೋವಿನ ಮಾತಾಡಿದ ಮರುದಿನವೇ ಮೊಬೈಲಿನಲ್ಲಿ ಎಣ್ಣೆಯ ಜಾಹೀರಾತು ಬಂತು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ರಿಮೋಟಿನಲ್ಲಿ ಆಫ್ ಮಾಡಿದ ಬಾಕ್ಸ್ ಸ್ಟ್ಯಾಂಡ್‌ಬೈನಲ್ಲಿ ಕರೆಂಟ್ ಎಳೆಯುತ್ತಲೇ ಇರುತ್ತದೆ, ಅದಕ್ಕೇ ಬಿಸಿ. ನಾವು ಹುಡುಕಿದ್ದು, ನೋಡಿದ್ದು ಎಲ್ಲವನ್ನೂ ಕೂಡಿಸಿ ಜಾಹೀರಾತು ಕಳಿಸುತ್ತಾರೆ. ತೆರೆಯ ಮೇಲೆ ಏನು ಓಡುತ್ತಿದೆ ಎಂದು ಕೆಲವು ಸ್ಮಾರ್ಟ್ ಟಿವಿಗಳು ಗುರುತಿಸಿ ಕಂಪನಿಗೆ ತಿಳಿಸುವುದೂ ನಿಜ. ಒಪ್ಪಿಗೆ ಪಡೆಯದೆ ಹಾಗೆ ಮಾಡಿದ ಆರೋಪದ ಪ್ರಕರಣವನ್ನು ವಿಜಿಯೊ ಕಂಪನಿ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕಟ್ಟಿ ಮುಗಿಸಿಕೊಂಡಿತು. ಇಷ್ಟನ್ನೂ ಅವರಿಗೆ ಹೇಳಿದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಹಾಗೆ ಗುರುತಿಸುವುದನ್ನು ಮಗನೇ ಆಫ್ ಮಾಡಿಕೊಡಬೇಕು ಎಂದೆ.

ಆಮೇಲೆ ಕೇಳಿದೆ: "ತಿಳಿದವರೊಬ್ಬರು ಬಂದು ಎಲ್ಲ ಬಿಚ್ಚಿ, ಏನೂ ಇಲ್ಲ ಅಂದರೆ ನಿದ್ದೆ ಬರುತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅವನನ್ನೂ ಅವರೇ ಕಳಿಸಿರಬಹುದಲ್ಲ?"

ಅಲ್ಲಿಗೆ ನನಗೆ ದಾರಿ ಗೊತ್ತಾಯಿತು. ಪರೀಕ್ಷೆಯಿಂದ ಕಡಿಮೆಯಾಗುವ ಅನುಮಾನ ಬೇರೆ, ಪರೀಕ್ಷೆಯನ್ನೇ ನುಂಗುವ ಅನುಮಾನ ಬೇರೆ. ಇದು ಎರಡನೆಯದು. ನಿಮ್ಹಾನ್ಸ್‌ಗೆ ಕಳಿಸಿದೆ. ನನ್ನ ಮಾತನ್ನು ಅವರು ಎರಡೆರಡು ಸಲ ಕೇಳಿಸಿಕೊಳ್ಳುತ್ತಿದ್ದುದರಿಂದ ಕಿವಿ ಪರೀಕ್ಷೆಗೂ ಬರೆದೆ. ಎರಡೂ ಕಿವಿ ಮಂದವಾಗಿದ್ದವು. ಪಕ್ಕದ ಕೋಣೆಯ ಮಾತು ಅರ್ಧಂಬರ್ಧ ಕೇಳಿದಾಗ ಉಳಿದರ್ಧವನ್ನು ಭಯ ತುಂಬಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಇಂಥ ಶಂಕೆ ಬಂದರೆ ಕಿವಿ, ಥೈರಾಯ್ಡ್, ಬಿ12, ಮರೆವು ಎಲ್ಲವನ್ನೂ ನೋಡಿಸಲೇಬೇಕು.

ಮನೋವೈದ್ಯರು ಸಣ್ಣ ಪ್ರಮಾಣದ ಮಾತ್ರೆ ಕೊಟ್ಟರು. ಮಗ ನನಗೆ ಫೋನ್ ಮಾಡಿದ: "ಅಮ್ಮ ತಗೊಳ್ಳಲ್ಲ. ಕಾಫಿಯಲ್ಲಿ ಹಾಕಿ ಕೊಡಲಾ?"

ಬೇಡವೇ ಬೇಡ ಎಂದೆ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ, ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಮನೆಯಲ್ಲಿ ಏನೋ ಬಚ್ಚಿಟ್ಟಿದ್ದಾರೆ ಎಂದು ನಡುಗುತ್ತಿರುವವರ ಲೋಟದಲ್ಲಿ ನಿಜವಾಗಿಯೂ ಏನನ್ನೋ ಬಚ್ಚಿಡುವುದೇ? ಒಂದು ದಿನ ತಳದಲ್ಲಿ ಪುಡಿ ಕಂಡರೆ ಮುಗಿಯಿತು. ಮಾತ್ರೆ ಅವರ ಕೈಗೇ ಕೊಡಿ, ನಿದ್ದೆಗೆ, ಭಯಕ್ಕೆ ಎಂದು ನಿಜ ಹೇಳಿ, ಒಪ್ಪದಿದ್ದರೆ ವೈದ್ಯರಿಗೆ ತಿಳಿಸಿ ಎಂದೆ. "ಮೈಕ್ ಇಲ್ಲ" ಎಂದು ವಾದಿಸಬೇಡಿ, "ಹೌದು, ಇದೆ" ಎಂದು ತಲೆಯಾಡಿಸಲೂ ಬೇಡಿ. "ನನಗೆ ಕಾಣ್ತಿಲ್ಲ ಅಮ್ಮ, ಆದರೆ ನಿನಗೆ ಭಯ ಆಗ್ತಿರೋದು ನಿಜ" ಎನ್ನಿ. ಪಿಸುಮಾತು ಬೇಡ, ಎದುರು ಕೂತು ಮಾತಾಡಿ. ರಾತ್ರಿ ಹೊತ್ತು ತುರ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಎಚ್ಚರಿಕೆ. ಗಂಡನೋ ಮನೆ ಮಾಲೀಕನೋ ನಿಜಕ್ಕೂ ಕ್ಯಾಮೆರಾ ಇಡುವುದುಂಟು. ಸ್ನಾನದ ಮನೆಯಲ್ಲೋ ಮಲಗುವ ಕೋಣೆಯಲ್ಲೋ ಅಂಥದ್ದು ಸಿಕ್ಕಿದರೆ ಮುಟ್ಟದೆ ಫೋಟೊ ತೆಗೆದು ಪೊಲೀಸರ ಹತ್ತಿರ ಹೋಗಿ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇರುವುದು ಇದಕ್ಕೇ. ಹೇಳಿಕೊಂಡು ಬಂದವರನ್ನು ಮೊದಲ ದಿನವೇ ರೋಗಿ ಎನ್ನಬಾರದು.

ಮೂರು ತಿಂಗಳ ಮೇಲೆ ಬಂದಾಗ ಕಿವಿಗೆ ಯಂತ್ರ ಬಂದಿತ್ತು. ಮಾತ್ರೆ ಬಿಟ್ಟಿರಲಿಲ್ಲ. ಟವೆಲ್ ಇನ್ನೂ ಇದೆಯಂತೆ. ಸಂಜೆ ಧಾರಾವಾಹಿಯ ಹೊತ್ತಿಗೆ ತಾವೇ ತೆಗೆಯುತ್ತಾರೆ, ಮುಗಿದ ಮೇಲೆ ಮಡಚಿ ಮತ್ತೆ ಹೊದಿಸುತ್ತಾರೆ. ಅದನ್ನು ಎಳೆದು ಹಾಕಬೇಡ ಎಂದು ಮಗನಿಗೆ ಹೇಳಿ ಕಳಿಸಿದ್ದೇನೆ.