ಹೊಗಳಿ ಬೈಯುವುದೋ, ಬೈದು ಹೊಗಳುವುದೋ?

ಪ್ರಶ್ನೆ: ನಮ್ಮೂರಿನ ದಿನಪತ್ರಿಕೆಯೊಂದು ಮಹಿಳಾ ಕ್ರಿಕೆಟ್‌ಗೆ ಬೇರೆಯವರಿಗಿಂತ ಹೆಚ್ಚು ಜಾಗ ಕೊಡುತ್ತದೆ. ಮಗಳು ಅಕಾಡೆಮಿಗೆ ಹೋಗುತ್ತಾಳೆ, ಹಾಗಾಗಿ ತಪ್ಪದೆ ಓದುತ್ತೇವೆ. ಮೊನ್ನೆ ಐದು ವಿಕೆಟ್ ಕಿತ್ತ ಹುಡುಗಿಯ ಸುದ್ದಿಗೆ ‘ಮೈದಾನದಲ್ಲಿ ಬೆಡಗಿಯ ಮೋಡಿ’ ಎಂಬ ತಲೆಬರಹ! ಬೌಲಿಂಗ್ ವಿವರ ಇದ್ದದ್ದು ನಾಲ್ಕನೇ ಪ್ಯಾರಾದಲ್ಲಿ. ವರದಿಗಾರರು ನನ್ನ ಗೆಳತಿಯ ಅಣ್ಣ. ಬೈದರೆ ಈಗಿರುವ ಜಾಗವೂ ಹೋದೀತು, ಹೊಗಳಿ ಬರೆದರೆ ಮಾತು ನಾಟುವುದಿಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಗೆಳತಿಯ ಅಣ್ಣನನ್ನು ಕಟಕಟೆಯಿಂದ ಇಳಿಸಿ. ವರದಿಗಾರರು ಸುದ್ದಿ ಕಳಿಸುತ್ತಾರೆ, ಅಷ್ಟೆ. ತಲೆಬರಹ ಕೊಡುವುದು, ಪ್ಯಾರಾ ಹಿಂದುಮುಂದು ಮಾಡುವುದು, ಫೋಟೊ ಆರಿಸುವುದು ಸಾಮಾನ್ಯವಾಗಿ ಡೆಸ್ಕಿನ ಉಪಸಂಪಾದಕರು. ಫೋನ್ ಮಾಡಿ, ‘ಅಣ್ಣಾ, ಈ ಹೆಡ್ಡಿಂಗ್ ನಿಮ್ಮದಾ, ಡೆಸ್ಕಿನವರದಾ?’ ಎಂದು ಕೇಳಿ. ತಮ್ಮ ಕಾಪಿಯ ಮೇಲೆ ಯಾರೋ ಬಳಿದ ಬಣ್ಣ ಕಂಡು ಅವರಿಗೂ ಹೊಟ್ಟೆ ಉರಿದಿರಬಹುದು. ಫೇಸ್‌ಬುಕ್‌ನಲ್ಲಿ ಅವರನ್ನು ಟ್ಯಾಗ್ ಮಾಡಿ ಬೈದಿರೋ, ಒಳಗಿರುವ ಒಬ್ಬ ನೆಂಟನನ್ನು ಕಳೆದುಕೊಂಡಿರಿ.

ಹೊಗಳಿಕೆಯನ್ನು ದೂರಿನ ಪೀಠಿಕೆ ಮಾಡಬೇಡಿ. ‘ನಿಮ್ಮ ಪತ್ರಿಕೆ ತುಂಬಾ ಚೆನ್ನಾಗಿದೆ, ಆದರೆ...’ ಎಂದು ಶುರುವಾದ ಪತ್ರದಲ್ಲಿ ಓದುವವರು ‘ಆದರೆ’ಗೇ ಜಿಗಿಯುತ್ತಾರೆ. ಮೆಚ್ಚಿದ ದಿನವೇ ಮೆಚ್ಚುಗೆ ಬರೆದು ಕಳಿಸಿಬಿಡಿ, ಅದರಲ್ಲಿ ದೂರಿನ ಸುಳಿವೂ ಬೇಡ. ಯಾವುದನ್ನು ಮೆಚ್ಚಿದಿರಿ ಎಂಬುದು ಖಚಿತವಾಗಿರಲಿ: ‘ಬಾಲಕಿಯರ ಅಂತರ ಜಿಲ್ಲಾ ಪಂದ್ಯದ ಪೂರ್ತಿ ಸ್ಕೋರ್‌ಕಾರ್ಡ್ ಹಾಕಿದ್ದೀರಿ, ಮಗಳು ಕತ್ತರಿಸಿ ಇಟ್ಟುಕೊಂಡಿದ್ದಾಳೆ.’ ಪುಟದ ಜಾಗಕ್ಕಾಗಿ ಕಿತ್ತಾಟ ನಡೆಯುವಾಗ ಕ್ರೀಡಾ ವಿಭಾಗದವರು ಎತ್ತಿ ತೋರಿಸಬಹುದಾದದ್ದು ಇಂಥ ಪತ್ರವನ್ನೇ. ನಿಮ್ಮ ಭಯಕ್ಕೆ ಮದ್ದೂ ಇದೇ. ‘ಹೆಣ್ಣುಮಕ್ಕಳಿಗೂ ಜಾಗ ಕೊಟ್ಟಿರಲ್ಲ, ಧನ್ಯವಾದ’ ಎಂದು ಮಾತ್ರ ಬರೆಯಬೇಡಿ. ಅವರೇನು ದಾನ ಮಾಡುತ್ತಿಲ್ಲ.

ದೂರಿನ ಪತ್ರ ನೂರು ಪದ ಮೀರದಿರಲಿ, ತಪ್ಪು ಒಂದೇ ಇರಲಿ. ದಿನಾಂಕ, ಪುಟ ಸಂಖ್ಯೆ, ತಲೆಬರಹ ಇದ್ದದ್ದು ಇದ್ದಂತೆ, ಅದರಿಂದ ಯಾವ ಸುದ್ದಿ ಮುಚ್ಚಿಹೋಯಿತು, ಬದಲಿಗೆ ಏನು ಹಾಕಬಹುದಿತ್ತು. ಕೊನೆಯದನ್ನು ಬಿಡಲೇಬೇಡಿ. ಡೆಸ್ಕಿನವರಿಗೆ ಅಕ್ಷರದ ಲೆಕ್ಕವೇ ದೊಡ್ಡದು, ಅಷ್ಟೇ ಅಗಲದಲ್ಲಿ ಕೂರುವ ಬದಲಿ ಕೊಟ್ಟರೆ ವಾದಕ್ಕೆ ಜಾಗವಿರುವುದಿಲ್ಲ. ಉದಾಹರಣೆಗೆ 2024ರ ಮಾರ್ಚ್ 17ರ ಡಬ್ಲ್ಯುಪಿಎಲ್ (ಮಹಿಳಾ ಪ್ರೀಮಿಯರ್ ಲೀಗ್) ಫೈನಲ್ ತೆಗೆದುಕೊಳ್ಳಿ. ಶ್ರೇಯಾಂಕಾ ಪಾಟೀಲ 12 ರನ್‌ಗೆ 4 ವಿಕೆಟ್ ಕಿತ್ತರು, ಡೆಲ್ಲಿ 113ಕ್ಕೆ ಆಲೌಟಾಯಿತು, ಆರ್‌ಸಿಬಿ ಎಂಟು ವಿಕೆಟ್‌ಗಳಿಂದ ಗೆದ್ದಿತು. ‘ಶ್ರೇಯಾಂಕಾ ಸ್ಪಿನ್‌ಗೆ ಡೆಲ್ಲಿ ಪಲ್ಟಿ’ ಎಂದರೆ ಆಟವೂ ಬಂತು, ಗತ್ತೂ ಬಂತು. ನಿಮ್ಮ ಹುಡುಗಿಯ ಹೆಸರು ಹಾಕಿ ‘ಐದು ವಿಕೆಟ್ ಗೊಂಚಲು’ ಎಂದಿದ್ದರೆ ಸಾಕಿತ್ತು.

‘ಬೂಮ್ರಾ ಐದು ವಿಕೆಟ್ ಪಡೆದ ದಿನ ಚೆಲುವನ ಮೋಡಿ ಅಂತ ಹಾಕ್ತೀರಾ?’ ಎಂಬ ಪ್ರಶ್ನೆ ಒಳ್ಳೆಯದೇ, ಆದರೆ ಅದು ಪತ್ರಕ್ಕಲ್ಲ, ಫೋನಿನಲ್ಲಿ ನಗುತ್ತಾ ಕೇಳುವುದಕ್ಕೆ. ‘ಸ್ತ್ರೀದ್ವೇಷಿಗಳು’ ಎಂಬ ಮಾತಂತೂ ಬೇಡವೇ ಬೇಡ. ‘ನಮ್ಮ ಡೆಸ್ಕಿನಲ್ಲೂ ಮಹಿಳೆಯರಿದ್ದಾರೆ’ ಎಂದು ಅವರು ಶುರುಮಾಡುತ್ತಾರೆ, ತಲೆಬರಹದ ವಿಷಯ ಅಲ್ಲಿಗೆ ಮುಗಿಯಿತು.

ವಾರ ಕಾದರೂ ಉತ್ತರವಿಲ್ಲದಿದ್ದರೆ ಬಹಿರಂಗವಾಗಿ ಬರೆಯಿರಿ. ಲಿಂಕ್ ಮಾತ್ರ ಹಂಚಬೇಡಿ, ನೀವು ಬೈದ ತಲೆಬರಹಕ್ಕೆ ನೀವೇ ಕ್ಲಿಕ್ ತಂದುಕೊಟ್ಟಂತೆ. ಸ್ಕ್ರೀನ್‌ಶಾಟ್ ಹಾಕಿ, ವರದಿಗಾರರ ಹೆಸರು ಕತ್ತರಿಸಿ.

ಒಂದು ‘ಬೆಡಗಿ’ಗಾಗಿ ಭಾರತೀಯ ಪತ್ರಿಕಾ ಮಂಡಳಿಯವರೆಗೆ ಹೋಗುವುದು ಅತಿಯಾಯಿತು. ಪದೇ ಪದೇ ಇದೇ ಚಾಳಿಯಾದರೆ ಆ ಸುದ್ದಿಗಳನ್ನು ಕತ್ತರಿಸಿ, ದಿನಾಂಕ ಬರೆದಿಟ್ಟುಕೊಳ್ಳಿ. ದಿನಪತ್ರಿಕೆಯ ವಿರುದ್ಧ ಅಲ್ಲಿಗೆ ದೂರು ಕೊಡಲು ಪ್ರಕಟವಾದ ದಿನದಿಂದ ಎರಡು ತಿಂಗಳ ಗಡುವಿದೆ. ಅದಕ್ಕೂ ಮೊದಲು ಸಂಪಾದಕರಿಗೆ ಬರೆದಿರಬೇಕು, ಆ ಪತ್ರದ ಪ್ರತಿ ಜೋಪಾನ.